ಒತ್ತು, ಹಿಡಿ, ಬಿಡು: ಹಳೆಯ ಪದ್ಮಿನಿಯ ಬ್ರೇಕ್ ಕಲಿಸಿದ್ದು

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಮಾತಿನ ಬರಹ ರೂಪ)



ನಮ್ಮ ಕಾರ್ಯದರ್ಶಿಯವರು ಹದಿನೈದು ದಿನದ ಹಿಂದೆ ಫೋನ್ ಮಾಡಿ, "ಅಕ್ಕ, ಈ ಸಲ ನೀವು ಇಪ್ಪತ್ತು ನಿಮಿಷ ಮಾತಾಡಲೇಬೇಕು, ವಿಷಯ ನಿಮ್ಮಿಷ್ಟ" ಎಂದರು. ನಾನು "ಬ್ರೇಕ್ ಬ್ಲೀಡಿಂಗ್" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಅಕ್ಕ, ಅದಕ್ಕೆ ಡಾಕ್ಟರನ್ನೂ ಕರೆಯಬೇಕಾ?" ಎಂದು ಕೇಳಿದರು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇದು ಆರೋಗ್ಯದ ಭಾಷಣವಲ್ಲ. ಕಾರಿನ ಬ್ರೇಕಿನ ಪೈಪುಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಗೆ ತೆಗೆಯುವ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ. ಮುಂಬಯಿಯ ಮೆಕ್ಯಾನಿಕ್‌ಗಳು "ಹವಾ ನಿಕಾಲ್ನಾ" ಎನ್ನುತ್ತಾರೆ. ನಾನು ಗಾಳಿ ತೆಗೆಯುವುದು ಎನ್ನುತ್ತೇನೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ನಮ್ಮವರು ತೀರಿಕೊಂಡು ಈ ಮಾರ್ಚಿಗೆ ನಾಲ್ಕು ವರ್ಷವಾಗುತ್ತದೆ. ಅಲ್ಲಿಂದ ಈಚೆಗೆ ಅರಸಿನ ಕುಂಕುಮದ ಕಾರ್ಯಕ್ರಮಕ್ಕೆ ನಾನು ಬಂದಿರಲಿಲ್ಲ. ಯಾರೂ ಬರಬೇಡಿ ಎಂದಿರಲಿಲ್ಲ, ನಾನಾಗಿಯೇ ಬರಲಿಲ್ಲ. ಈ ಸಲ ಕರೆದದ್ದು ಬಾಗಿನ ತೆಗೆದುಕೊಳ್ಳಲಿಕ್ಕಲ್ಲ, ಮಾತಾಡಲಿಕ್ಕೆ. ಅದಕ್ಕೇ ಧೈರ್ಯ ಬಂತು. ಬಂದ ಮೇಲೆ ಬಾಗಿಲಲ್ಲಿ ಮಕ್ಕಳು ಬಾಗಿನವನ್ನೂ ಕೊಟ್ಟರು. ತೆಗೆದುಕೊಂಡೆ.

ಈಗ ಕಾರಿನ ವಿಷಯ.

ನಮ್ಮದು 1982ರ ಪ್ರೀಮಿಯರ್ ಪದ್ಮಿನಿ. ನಮ್ಮವರು 1990ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈ ಸಭೆಯಲ್ಲಿ ಐವತ್ತು ದಾಟಿದವರಿಗೆಲ್ಲ ಪದ್ಮಿನಿ ಗೊತ್ತು, ಕಪ್ಪು ಹಳದಿ ಟ್ಯಾಕ್ಸಿಯ ರೂಪದಲ್ಲಿ. ಬೋರಿಬಂದರದಲ್ಲಿ ಊರಿನಿಂದ ಬಂದಿಳಿದು, ಕೆರಿಯರ್ ಮೇಲೆ ಹಲಸಿನಹಣ್ಣು, ಕುಚ್ಚಲಕ್ಕಿ ಮೂಟೆ ಹಾಕಿಸಿಕೊಂಡು ಮನೆಗೆ ಹೋಗಿದ್ದು ಅದರಲ್ಲಿಯೇ. ಆದರೆ ಆ ಗಾಡಿ ನಮ್ಮ ಮನೆಯ ಪಕ್ಕದಲ್ಲೇ ಹುಟ್ಟುತ್ತಿತ್ತು ಎಂಬುದು ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಇತ್ತು. 1964ರಲ್ಲಿ ಅಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಇಟಲಿಯ ಮಾದರಿಯ ಕಾರನ್ನು ತಯಾರಿಸತೊಡಗಿದರು. 1974ರಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ಹೆಸರು ಬಂತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಕಾರ್ಖಾನೆಯಲ್ಲಿ ತಯಾರಿ 2000ದ ಹೊತ್ತಿಗೆ ನಿಂತಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ನಮ್ಮಂಥ ಖಾಸಗಿ ಗಾಡಿಗಳಿಗೆ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ನಮ್ಮ ಗಾಡಿ ಇನ್ನೂ ಓಡುತ್ತಿರುವುದು ಹಾಗೆ.

ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆ ಸೋಫಾದ ಹಾಗೆ ಒಂದೇ ಉದ್ದನೆಯ ಸೀಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಈಗಿನ ಕಾರಿನಲ್ಲಿ ಬ್ರೇಕಿನ ಪೈಪುಗಳು ಎರಡು ಬೇರೆ ಬೇರೆ ಸಾಲಿನಲ್ಲಿರುತ್ತವೆ. ಒಂದು ಸಾಲು ಸೋರಿ ಕೈಕೊಟ್ಟರೂ ಇನ್ನೊಂದು ಅರ್ಧ ಬ್ರೇಕನ್ನಾದರೂ ಕೊಡುತ್ತದೆ. ನಮ್ಮ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಸಾಲು. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಹೋದ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆ ನಿಂತಿರುವುದು ಇದರ ಮೇಲೆ.

ನಮ್ಮವರು ಬ್ಯಾಂಕಿನಲ್ಲಿದ್ದವರು. ಆದರೆ ಭಾನುವಾರ ಬಂತೆಂದರೆ ಬನಿಯನ್ ಹಾಕಿಕೊಂಡು ಕಾರಿನ ಅಡಿಗೆ. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬ್ರೇಕಿನ ಗಾಳಿ ತೆಗೆಯುವ ದಿನ ಇರುತ್ತಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರದ ಹತ್ತಿರ ಕೂರಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಒಳಗೆ ಕೂರುವವಳು ನಾನು. ದೋಸೆಗೆ ನೆನೆಹಾಕಿದ ಅಕ್ಕಿ ರುಬ್ಬುವುದನ್ನು ಬಿಟ್ಟು ಬಂದು ಕೂರುತ್ತಿದ್ದೆ. ಹೊರಗಿನಿಂದ "ಒತ್ತು" ಎನ್ನುತ್ತಿದ್ದರು, ನಾನು "ಒತ್ತಿದೆ" ಎನ್ನುತ್ತಿದ್ದೆ. "ಹಿಡಿ" ಎಂದರೆ ಹಿಡಿದುಕೊಳ್ಳುವುದು, "ಬಿಡು" ಎಂದರೆ ಬಿಡುವುದು. ಹೀಗೆ ನಾಲ್ಕು ಚಕ್ರಕ್ಕೆ ಒಂದು ಗಂಟೆ. ಒಮ್ಮೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತೆಂದು "ಬಿಡು" ಎನ್ನುವ ಮೊದಲೇ ಕಾಲು ತೆಗೆದೆ. "ಏನು ಮಾಡಿದೆ ಮಾರಾಯ್ತಿ! ಮತ್ತೆ ಮೊದಲಿನಿಂದ!" ಎಂದು ಕೂಗಿದರು. ಏಕೆ ಮೊದಲಿನಿಂದ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮೂವತ್ತು ವರ್ಷ ಆ ಸೀಟಿನಲ್ಲಿ ಕೂತು ಒತ್ತಿದ್ದೇನೆ. ಕೆಳಗೆ ಅವರು ಏನು ಮಾಡುತ್ತಿದ್ದರೆಂದು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಕಶೇಡಿ ಘಾಟಿಯ ಒಂದು ಸಂಗತಿ ಹೇಳುತ್ತೇನೆ. 1995ರ ಮೇ ತಿಂಗಳು. ಕುಂದಾಪುರದ ಕಡೆ ನಮ್ಮ ಊರು. ಆಗ ಅದು ಹದಿನೇಳನೇ ನಂಬರಿನ ಹೆದ್ದಾರಿ, ಈಗ ಅರವತ್ತಾರು. ಪೋಲಾದಪುರ ಬಿಟ್ಟು ಘಾಟಿ ಹತ್ತಿ ಖೇಡ್ ಕಡೆಗೆ ಇಳಿಯುತ್ತಿದ್ದೆವು. ಹಿಂದೆ ಮಕ್ಕಳಿಬ್ಬರು, ಅತ್ತೆ, ಕೆರಿಯರ್ ತುಂಬ ಸಾಮಾನು. ಇಳಿಜಾರಿನಲ್ಲಿ ಅರ್ಧ ದಾರಿಗೆ ನಮ್ಮವರ ಮುಖ ಬಿಳಿಚಿತು. ಪೆಡಲ್ ಒತ್ತಿದರೆ ಹತ್ತಿಯ ದಿಂಬು ಒತ್ತಿದ ಹಾಗೆ ಒಳಗೆ ಹೋಗುತ್ತಿತ್ತು. ಅವರು ಗೇರು ಇಳಿಸಿದರು, ಪೆಡಲನ್ನು ಬೇಗ ಬೇಗ ತುಳಿದರು, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಯ ಚರಂಡಿಗೆ ತಾಗಿಸಿ ನಿಲ್ಲಿಸಿದರು. ಚಕ್ರಗಳಿಂದ ಸುಟ್ಟ ವಾಸನೆ. ಒಂದು ಗಂಟೆ ಮರದ ನೆರಳಲ್ಲಿ ಕೂತು ಅವಲಕ್ಕಿ ತಿಂದೆವು. ಆಮೇಲೆ ಪೆಡಲ್ ಮುಟ್ಟಿದರೆ ಮೊದಲಿನಂತೆ ಗಟ್ಟಿ! ಅತ್ತೆ, ಮನೆದೇವರು ಕಾಪಾಡಿದ ಎಂದರು. ಅಲ್ಲಿ ನಿಂತಿದ್ದ ಲಾರಿಯವನು ಬೇರೆ ಮಾತು ಹೇಳಿದ: "ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಸಾಹೇಬ್." ದೇವರು ಕಾಪಾಡಿದ್ದು ಹೌದು. ಲಾರಿಯವನು ಹೇಳಿದ್ದೂ ಹೌದು. ಆದರೆ ಬ್ರೇಕ್ ಹೋಗಿದ್ದು ಏಕೆ, ತಾನಾಗಿ ಮರಳಿ ಬಂದದ್ದು ಹೇಗೆ ಎಂದು ನನಗೆ ತಿಳಿದದ್ದು ಇಪ್ಪತ್ತೇಳು ವರ್ಷದ ನಂತರ.

ಅದನ್ನು ಈಗ ನಿಮಗೆ ಹೇಳಿಬಿಡುತ್ತೇನೆ, ನೀವು ಅಷ್ಟು ವರ್ಷ ಕಾಯುವುದು ಬೇಡ.

ಆಸ್ಪತ್ರೆಯ ಸಿರಿಂಜ್ ನೆನಪಿಸಿಕೊಳ್ಳಿ. ಅದರಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಂದಿನಿಂದ ಒತ್ತಿ. ಒಂಚೂರೂ ಸರಿಯುವುದಿಲ್ಲ. ನೀರು ಚೆಲ್ಲಿ ಗಾಳಿ ತುಂಬಿ ಒತ್ತಿ. ಅರ್ಧಕ್ಕೆ ಹೋಗುತ್ತದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾರಿನ ಬ್ರೇಕ್ ಅಂದರೆ ಇಷ್ಟೇ. ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ದೊಡ್ಡ ಸಿರಿಂಜ್ ಬ್ರೇಕ್ ಆಯಿಲನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡ ಪ್ರತಿ ಚಕ್ರದಲ್ಲಿರುವ ವೀಲ್ ಸಿಲಿಂಡರಿಗೆ ಹೋಗಿ, ಅಲ್ಲಿನ ಪಿಸ್ಟನ್ ಹೊರಗೆ ಬಂದು, ಬ್ರೇಕ್ ಶೂಗಳನ್ನು ತಿರುಗುತ್ತಿರುವ ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ಮುಚ್ಚಿದ ಜಾಗದಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಎಂದು ಶಾಲೆಯಲ್ಲಿ ಪಾಸ್ಕಲ್ ನಿಯಮ ಓದಿದ್ದೇವಲ್ಲ, ಅದೇ ಇದು. ಪೈಪಿನಲ್ಲಿ ಗಾಳಿ ಸೇರಿದರೆ ನಮ್ಮ ಕಾಲಿನ ಬಲವೆಲ್ಲ ಆ ಗಾಳಿಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ. ಚಕ್ರಕ್ಕೆ ಏನೂ ತಲುಪುವುದಿಲ್ಲ.

ಹಾಗಾದರೆ ಘಾಟಿಯಲ್ಲಿ ಗಾಳಿ ಎಲ್ಲಿಂದ ಬಂತು? ಅದು ಗಾಳಿಯಲ್ಲ, ಆವಿ. ಬ್ರೇಕ್ ಆಯಿಲ್ ಎನ್ನುತ್ತೇವೆಯೇ ಹೊರತು ಅದು ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ರಾಸಾಯನಿಕ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೋ ಅದಕ್ಕೂ ಹಾಗೆಯೇ. ವಾತಾವರಣದ ತೇವವನ್ನು ಅದು ಹೀರಿಕೊಳ್ಳುತ್ತದೆ. ಡಾಟ್ 3 ಎಂದು ಡಬ್ಬಿಯ ಮೇಲೆ ಬರೆದಿರುವ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ಮಾನದಂಡವಿದೆ. ಶೇಕಡಾ ನಾಲ್ಕಕ್ಕಿಂತ ಕಡಿಮೆ ನೀರು ಸೇರಿದರೂ ಸಾಕು, ಅದು 140 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಕೆಂಡವಾಗುತ್ತದೆ, ಹಳೆಯ ದ್ರವ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ. ತಣ್ಣಗಾದ ಮೇಲೆ ಆವಿ ಮರಳಿ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಅವತ್ತು ನಾವು ಅವಲಕ್ಕಿ ತಿನ್ನುತ್ತಿದ್ದಾಗ ಆದದ್ದು ಅದು. ಊರಿನಿಂದ ಬಂದ ಮೇಲೆಯೇ ನಮ್ಮವರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವ ಪದ್ಧತಿ ಶುರುಮಾಡಿದ್ದು ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಅವರು ಹೋದ ಮೇಲೆ ಕಾರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಪೌಂಡಿನಲ್ಲಿ ತಾಡಪಾಲಿನಡಿ ನಿಂತಿತ್ತು. ಗುಜರಿಯವನು ಎರಡು ಸಲ ಬಂದು ಬೆಲೆ ಹೇಳಿದ. ಸೊಸೈಟಿಯವರು ಜಾಗ ಬೇಕೆಂದರು. ಮಗ ವಿಡಿಯೋ ಕಾಲ್‌ನಲ್ಲಿ, "ಅಮ್ಮ, ಕೊಟ್ಟುಬಿಡು, ಅದನ್ನು ನೋಡಿಕೊಂಡು ಕೊರಗಬೇಡ" ಎಂದ. ನಾನು ಕೊರಗುತ್ತಿರಲಿಲ್ಲ. ನನಗೆ 1997ರಿಂದ ಲೈಸೆನ್ಸ್ ಇದೆ. ಆ ಗಾಡಿಯನ್ನು ಸ್ಟೇಷನ್ನಿಗೆ, ಶಾಲೆಗೆ, ಆಸ್ಪತ್ರೆಗೆ ನಾನೇ ಓಡಿಸಿದ್ದೇನೆ. ಕೊನೆಯ ಸಲ ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲೇ. ಅದು ನನ್ನ ಗಾಡಿಯೂ ಹೌದು ಎಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ, ಅಷ್ಟೇ.

ಹತ್ತಿರದ ಒಂದು ಗ್ಯಾರೇಜಿನ ಹುಡುಗನನ್ನು ಕರೆಸಿದೆ. ಬ್ಯಾಟರಿ ಹಾಕಿದ, ಪೆಟ್ರೋಲ್ ಹಾಕಿದ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ಅರ್ಧಕ್ಕಿಂತ ಕೆಳಗಿದೆ ಎಂದು ಮೇಲಿನವರೆಗೆ ತುಂಬಿಸಿದ. "ಸಬ್ ಓಕೆ ಆಂಟಿ" ಎಂದು ಹಣ ತೆಗೆದುಕೊಂಡು ಹೋದ. ಕಡಿಮೆಯಾದದ್ದು ಎಲ್ಲಿಗೆ ಹೋಯಿತು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಲೈನಿಂಗ್ ಸವೆದಂತೆ ಒಂದಿಷ್ಟು ಇಳಿಯಬಹುದು. ಅರ್ಧ ಡಬ್ಬಿ ಖಾಲಿಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಮೂರನೇ ದಿನ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ರೈಲ್ವೆ ಹಳಿಯ ಮೇಲಿನ ಸೇತುವೆ ಇಳಿಯುವಾಗ ಮುಂದೆ ಒಂದು ರಿಕ್ಷಾ ನಿಂತಿತು. ಪೆಡಲ್ ಒತ್ತಿದೆ. ನೆಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಅಲ್ಲಿ ಏನೂ ಇಲ್ಲ. ಕಶೇಡಿ ನೆನಪಾಯಿತು. ಗೇರು ಕೆಳಗಿಳಿಸಿದೆ, ಹ್ಯಾಂಡ್ ಬ್ರೇಕ್ ಎಳೆದೆ, ಎಡಚಕ್ರವನ್ನು ಫುಟ್‌ಪಾತಿನ ಅಂಚಿಗೆ ಉಜ್ಜಿಸಿದೆ. ಗಾಡಿ ನಿಂತಾಗ ರಿಕ್ಷಾ ಮೂರು ಅಡಿ ದೂರದಲ್ಲಿತ್ತು. ಅದರ ಹಿಂದಿನ ಪುಟ್ಟ ಕಿಟಕಿಯಲ್ಲಿ ಒಂದು ಮಗು ತಾಯಿಯ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು. ರಿಕ್ಷಾ ಮುಂದೆ ಹೋಯಿತು. ಅವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಮನೆಗೆ ಬಂದ ಮೇಲೂ ಕಾಲಿನ ನಡುಕ ನಿಲ್ಲಲಿಲ್ಲ. ಆ ಮಗುವಿನ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅವತ್ತು ರಾತ್ರಿ ಮಗನಿಗೆ ಫೋನ್ ಮಾಡಿ ಗುಜರಿಯವನ ಬೆಲೆಗೆ ಒಪ್ಪಿಬಿಡುತ್ತೇನೆ ಎಂದೆ. ಬೆಳಿಗ್ಗೆ ಮಗಳು ಪುಣೆಯಿಂದ ಬಂದಳು. "ಅಮ್ಮ, ಕೊಡುವುದಾದರೆ ಕೊಡು. ಆದರೆ ಹೆದರಿ ಕೊಡಬೇಡ. ಏನು ಕೆಟ್ಟಿದೆ ಎಂದು ಮೊದಲು ನೋಡೋಣ" ಎಂದಳು.

ನಮ್ಮ ಬೀದಿಯ ಕೊನೆಯಲ್ಲಿ ಟ್ಯಾಕ್ಸಿಗಳನ್ನೇ ರಿಪೇರಿ ಮಾಡಿ ವಯಸ್ಸಾದ ಒಬ್ಬ ಚಾಚಾ ಇದ್ದಾರೆ. ಟ್ಯಾಕ್ಸಿಗಳು ಹೋದಂತೆ ಅಂಗಡಿ ಮುಚ್ಚಿದ್ದರು. ಬಂದು ನಾಲ್ಕೂ ಚಕ್ರದ ಒಳಬದಿಯನ್ನು ಟಾರ್ಚ್ ಹಾಕಿ ನೋಡಿದರು. ಹಿಂದಿನ ಎಡಚಕ್ರದ ಒಳಗೆ ಒದ್ದೆ. ಡ್ರಮ್ ಬಿಚ್ಚಿದರೆ ವೀಲ್ ಸಿಲಿಂಡರಿನ ರಬ್ಬರ್ ಕಪ್ ಹರಿದಿದೆ, ಬ್ರೇಕ್ ಶೂ ತೊಯ್ದಿದೆ. ತೇವ ಹೀರಿದ ದ್ರವ ಒಂದು ವರ್ಷ ನಿಂತಲ್ಲೇ ನಿಂತು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸಿತ್ತು. ಆ ತುಕ್ಕಿನ ತರಿ ರಬ್ಬರನ್ನು ಕತ್ತರಿಸಿತ್ತು. ಸಿಲಿಂಡರ್ ಹೊಸದು ತಂದೆವು, ಶೂ ಬದಲಿಸಿದೆವು. ಹಾಗೆಯೇ ಮುಂದಿನ ಚಕ್ರಗಳ ಎರಡು, ಹಿಂದಿನ ಒಂದು, ಒಟ್ಟು ಮೂರು ರಬ್ಬರ್ ಹೋಸ್‌ಗಳನ್ನೂ ಬದಲಿಸಿದೆವು. ರಬ್ಬರ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಬಹುದು ಎಂದರು ಚಾಚಾ.

ಇನ್ನು ಗಾಳಿ ತೆಗೆಯಬೇಕು. ನಾನು ಅಭ್ಯಾಸದಂತೆ ಬಾಗಿಲು ತೆಗೆದು ಸೀಟಿನಲ್ಲಿ ಕೂತೆ. ಚಾಚಾ ತಲೆ ಅಲ್ಲಾಡಿಸಿದರು. "ಭಾಭೀ, ಘುಟನಾ ನಹೀ ಚಲತಾ. ಆಪ್ ನೀಚೇ ಬೈಠೋ" ಎಂದರು. ಅವರಿಗೆ ಮಂಡಿ ಮಡಚಲು ಆಗುವುದಿಲ್ಲ. ಹಾಗಾಗಿ ಅವರು ಸೀಟಿನಲ್ಲಿ, ನಾನು ಚಕ್ರದ ಹತ್ತಿರ. ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಆ ಕಡೆಗೆ ಹೋದೆ.

ಈಗ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಸೀಲ್ ಒಡೆಯದ ಬ್ರೇಕ್ ಆಯಿಲ್ ಡಬ್ಬಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯದ್ದು, ನಮ್ಮದಕ್ಕೆ ಡಾಟ್ 3. ತೆರೆದಿಟ್ಟ ಹಳೆಯ ಡಬ್ಬಿ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ. ಇಂಜಿನ್ ಆಯಿಲನ್ನಂತೂ ಒಂದು ಹನಿಯೂ ಸೇರಿಸಬಾರದು, ಒಳಗಿನ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ. ಒಂದು ರಿಂಗ್ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ತುಕ್ಕು ಹಿಡಿದ ಸ್ಕ್ರೂವಿನ ಮೂಲೆಗಳು ಸವೆದು ಜಾರುತ್ತವೆ. ಅರ್ಧ ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ, ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುತ್ತದೆ. ಒಂದು ಖಾಲಿ ಜ್ಯಾಮ್ ಬಾಟಲಿ. ಹಳೆಯ ಬಟ್ಟೆ, ಒಂದು ಬಕೆಟ್ ನೀರು.

ಗಾಡಿ ಸಮತಟ್ಟಾದ ನೆಲದಲ್ಲಿರಬೇಕು, ಚಕ್ರಗಳಿಗೆ ಇಟ್ಟಿಗೆ ಅಡ್ಡ ಕೊಡಬೇಕು. ಎತ್ತುವುದಾದರೆ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕನ್ನು ನಂಬಿ ಕೆಳಗೆ ಕೈಯನ್ನೂ ಹಾಕಬೇಡಿ. ಡ್ರಮ್ ಬ್ರೇಕಾದರೆ ಮೊದಲು ಶೂಗಳನ್ನು ಅಡ್ಜಸ್ಟ್ ಮಾಡಿಸಿ. ಶೂ ಮತ್ತು ಡ್ರಮ್ ನಡುವೆ ಸಂದು ಹೆಚ್ಚಿದ್ದರೂ ಪೆಡಲ್ ಕೆಳಗೆ ಹೋಗುತ್ತದೆ. ಅದನ್ನು ಗಾಳಿ ಎಂದುಕೊಂಡು ಡಬ್ಬಿಗಟ್ಟಲೆ ದ್ರವ ಸುರಿದವರಿದ್ದಾರೆ.

ಮಾಸ್ಟರ್ ಸಿಲಿಂಡರಿನಿಂದ ಯಾವ ಚಕ್ರ ಅತ್ಯಂತ ದೂರವೋ ಅಲ್ಲಿಂದ ಶುರು. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುವುದರಿಂದ ಹಿಂದಿನ ಎಡಚಕ್ರ ಮೊದಲು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪ್ರತಿ ಚಕ್ರದ ಒಳಬದಿಯಲ್ಲಿ ಒಂದು ಪುಟ್ಟ ಬ್ಲೀಡರ್ ಸ್ಕ್ರೂ ಇರುತ್ತದೆ, ನಡುವೆ ತೂತು. ಅದರ ಧೂಳು ಒರೆಸಿ, ಸ್ಪ್ಯಾನರ್ ಕೂರಿಸಿ, ತುದಿಗೆ ನಳಿಕೆ ಸಿಕ್ಕಿಸಿ. ನಳಿಕೆಯ ಇನ್ನೊಂದು ತುದಿ, ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಬಾಟಲಿಯೊಳಗೆ ಮುಳುಗಿರಬೇಕು.

ಈಗ ಒಳಗಿನವರು ಪೆಡಲನ್ನು ನಿಧಾನವಾಗಿ ಎರಡು ಮೂರು ಸಲ ಒತ್ತಿ ಬಿಟ್ಟು, ಕೊನೆಗೆ ಒತ್ತಿ ಹಿಡಿಯಬೇಕು. ಹೊರಗಿನವರು ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಬೇಕು. ದ್ರವ ನಳಿಕೆಗೆ ಬರುತ್ತದೆ, ಜೊತೆಗೆ ಗುಳ್ಳೆಗಳು. ಪೆಡಲ್ ಕೆಳಗಿಳಿಯುತ್ತದೆ. ಕೆಳಗೆ ಇಳಿದಲ್ಲೇ ಹಿಡಿದುಕೊಂಡಿರಬೇಕು. ಹೊರಗಿನವರು ಸ್ಕ್ರೂ ಬಿಗಿದು "ಬಿಡು" ಎಂದ ಮೇಲೆಯೇ ಕಾಲು ತೆಗೆಯಬೇಕು. ಏಕೆಂದರೆ ಕಾಲು ತೆಗೆದೊಡನೆ ಸಿಲಿಂಡರ್ ಸಿರಿಂಜಿನಂತೆ ಹಿಂದಕ್ಕೆ ಎಳೆಯುತ್ತದೆ. ಸ್ಕ್ರೂ ತೆರೆದೇ ಇದ್ದರೆ ಹೋದ ಗಾಳಿ ಮರಳಿ ಒಳಗೆ ಬರುತ್ತದೆ. ಕುಕ್ಕರ್ ಕೂಗಿದ ಆ ಭಾನುವಾರ ನಾನು ಮಾಡಿದ ತಪ್ಪು ಇದು. ಚಾಚಾ ಇದನ್ನು ಹೇಳಿದಾಗ ನಾನು ಚಕ್ರದ ಪಕ್ಕದಲ್ಲಿ ಕೂತು ಒಬ್ಬಳೇ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ.

ಗುಳ್ಳೆ ಬರುವುದು ಪೂರ್ತಿ ನಿಂತು, ಕಪ್ಪು ದ್ರವ ಹೋಗಿ ತಿಳಿಯಾದದ್ದು ಬರುವವರೆಗೆ ಹೀಗೆಯೇ. ಐದಾರು ಸಲಕ್ಕೊಮ್ಮೆ ಬಾನೆಟ್ಟಿನಡಿಯ ಡಬ್ಬಿ ನೋಡಿ ತುಂಬಿಸುತ್ತಿರಬೇಕು. ಅದು ಖಾಲಿಯಾದರೆ ಮೇಲಿನಿಂದಲೇ ಗಾಳಿ ಹೋಗಿ ಎಲ್ಲ ಕೆಲಸ ಮೊದಲಿನಿಂದ. ಬಾಟಲಿಗೆ ಬಂದದ್ದನ್ನು ಮರಳಿ ಡಬ್ಬಿಗೆ ಹಾಕಬಾರದು, ಮೋರಿಗೂ ಚೆಲ್ಲಬಾರದು, ಅದು ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ.

ಹಳೆಯ ಗಾಡಿಗೆ ಮಾತ್ರ ಬೇಕಾದ ಒಂದು ಗುಟ್ಟು ಚಾಚಾ ಹೇಳಿದರು. ಪೆಡಲಿನ ಅಡಿಗೆ ಒಂದು ಮರದ ತುಂಡು ಇಡಬೇಕು, ಪೂರ್ತಿ ನೆಲಕ್ಕೆ ಹೋಗದಂತೆ. ದಿನಾ ಓಡಿಸುವಾಗ ಮಾಸ್ಟರ್ ಸಿಲಿಂಡರಿನ ರಬ್ಬರ್ ಅರ್ಧ ದಾರಿಯಲ್ಲಷ್ಟೇ ಓಡಾಡುತ್ತದೆ. ಅದರಾಚೆಗೆ ತುಕ್ಕು, ಕಸ ಕೂತಿರುತ್ತದೆ. ಗಾಳಿ ತೆಗೆಯುವಾಗ ಅಲ್ಲಿಯವರೆಗೂ ತಳ್ಳಿದರೆ ರಬ್ಬರ್ ಗೀಚಿ, ಚೆನ್ನಾಗಿದ್ದ ಸಿಲಿಂಡರೂ ಹಾಳು.

ಬ್ರೇಕ್ ಆಯಿಲ್ ಬಣ್ಣಕ್ಕೆ ಬಿದ್ದರೆ ಬಣ್ಣ ಏಳುತ್ತದೆ. ಕೂಡಲೇ ನೀರು ಹೊಯ್ಯಿರಿ. ನಾನು ಹೊಯ್ಯುವುದು ತಡಮಾಡಿದ್ದಕ್ಕೆ ನಮ್ಮ ಗಾಡಿಯ ಎಡ ಮಡ್‌ಗಾರ್ಡಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಬಿಳಿ ಮಚ್ಚೆ ಇದೆ. ಅದನ್ನು ಬಳಿಸಿಲ್ಲ. ಅದು ನನ್ನ ರುಜು.

ಎಲ್ಲ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿದು, ಇನ್ನೊಬ್ಬರು ಎಲ್ಲ ಜಾಯಿಂಟುಗಳನ್ನು ನೋಡಬೇಕು. ಮೊದಲ ಓಡಾಟ ಕಂಪೌಂಡಿನೊಳಗೆ, ನಡಿಗೆಯ ವೇಗದಲ್ಲಿ. ಪೆಡಲ್ ಗಟ್ಟಿಯಾಗದೆ ರಸ್ತೆಗೆ ಇಳಿಯಬೇಡಿ. ಮೊದಲ ಸಲ ಮಾಡುವವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನಗೂ ಚಾಚಾ ಇದ್ದರು.

ನಿಮ್ಮಲ್ಲಿ ಯಾರ ಹತ್ತಿರವೂ ಪದ್ಮಿನಿ ಇರಲಿಕ್ಕಿಲ್ಲ. ಈಗಿನ ಎಬಿಎಸ್ ಇರುವ ಕಾರುಗಳಲ್ಲಿ ಈ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಅದಕ್ಕೆ ಬೇರೆ ಉಪಕರಣ ಬೇಕು. ಆದರೆ ಕಾಲಿಗೆ ತಿಳಿಯುವ ಭಾಷೆ ಎಲ್ಲ ಗಾಡಿಗೂ ಬಹುಮಟ್ಟಿಗೆ ಒಂದೇ. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿ ಇದೆ. ಕೆಳಗೆ ಹೋಗಿ ಆಮೇಲೆ ಗಟ್ಟಿಯಾದರೆ ಅಡ್ಜಸ್ಟ್‌ಮೆಂಟ್ ಬೇಕಾಗಿರಬಹುದು. ಸಿಗ್ನಲಿನಲ್ಲಿ ಒತ್ತಿ ನಿಂತಾಗ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಯಾರಾದರೂ ಬ್ರೇಕ್ ಆಯಿಲ್ "ಟಾಪಪ್" ಮಾಡಿ ಎಲ್ಲ ಸರಿಯಿದೆ ಎಂದರೆ, "ಕಡಿಮೆಯಾದದ್ದು ಎಲ್ಲಿಗೆ ಹೋಯಿತು?" ಎಂದು ಕೇಳಿ. ಡಿಸ್ಕ್ ಬ್ರೇಕ್ ಇರುವ ನಿಮ್ಮ ಸ್ಕೂಟರಿನ ಹ್ಯಾಂಡಲ್ ಮೇಲೂ ಅದೇ ದ್ರವದ ಪುಟ್ಟ ಡಬ್ಬಿ ಇದೆ. ಇವತ್ತು ಮನೆಗೆ ಹೋಗಿ ನೋಡಿ. ಎರಡು ವರ್ಷದಿಂದ ಬದಲಿಸಿಲ್ಲವಾದರೆ ಬದಲಿಸಲು ಹೇಳಿ.

ಮಾತು ಮುಗಿಸುವ ಮೊದಲು ಮನಸ್ಸಿನಲ್ಲಿರುವುದೊಂದನ್ನು ಹೇಳುತ್ತೇನೆ. ನಮ್ಮವರ ಮೇಲೆ ನನಗೆ ದೂರಿಲ್ಲ. ಅವರು ಮುಚ್ಚಿಟ್ಟವರಲ್ಲ. ನಾನು ಕೇಳಿದ್ದರೆ ಭಾನುವಾರವಿಡೀ ಹೇಳುತ್ತಿದ್ದರು. ನಾನು ಕೇಳಲಿಲ್ಲ, ಅಷ್ಟೇ. ಮನೆಯಲ್ಲಿ ಹೀಗೆ ಅರ್ಧ ಗೊತ್ತಿರುವ ಕೆಲಸಗಳು ಎಷ್ಟಿವೆ ಎಂದು ಅವರು ಹೋದ ಮೇಲೆ ಒಂದೊಂದಾಗಿ ತಿಳಿಯಿತು. ಬ್ಯಾಂಕಿನ ಲಾಕರ್, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಗೀಸರಿನ ಸ್ವಿಚ್. ಅವರ ಕಡೆಯಿಂದಲೂ ಹಾಗೆಯೇ. ಉಪ್ಪಿನಕಾಯಿಗೆ ಉಪ್ಪು ಎಷ್ಟು ಎಂದು ನಾನಿಲ್ಲದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಇರುವಾಗಲೇ ಒಂದು ದಿನ ಜಾಗ ಬದಲಿಸಿ ಕೂತು ನೋಡಿ.

ಹೋದ ಅಕ್ಟೋಬರಿನಲ್ಲಿ ಮತ್ತೆ ಗಾಳಿ ತೆಗೆದೆವು. ಚಾಚಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗಳು ಒಳಗೆ, ನಾನು ಕೆಳಗೆ. ಎರಡು ಚಕ್ರ ಮುಗಿದ ಮೇಲೆ ನಾನು ಎದ್ದು ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟೆ. ಮುಂದಿನ ಎರಡನ್ನು ಅವಳು ಮಾಡಿದಳು. ನಾನು ನನ್ನ ಹಳೆಯ ಸೀಟಿನಲ್ಲಿ ಕೂತು, ಒತ್ತು ಎಂದಾಗ ಒತ್ತಿ, ಬಿಡು ಎಂದಾಗಲೇ ಬಿಟ್ಟೆ. ಗುಜರಿಯವನು ಈಗಲೂ ಆಗಾಗ ಬಂದು ಕೇಳುತ್ತಾನೆ. ಮುಂದೆ ಒಂದು ದಿನ ಕೊಡಬೇಕಾಗಿ ಬರಬಹುದು. ಬಂದರೆ ಕೊಡುತ್ತೇನೆ, ಹೆದರಿ ಅಲ್ಲ.

ನೋಡಬೇಕೆನ್ನುವವರು ಯಾವ ಭಾನುವಾರವಾದರೂ ನಮ್ಮ ಕಂಪೌಂಡಿಗೆ ಬನ್ನಿ. ಹಳೆಯ ಸೀರೆ ಉಟ್ಟುಕೊಂಡು ಬನ್ನಿ, ರೇಷ್ಮೆ ಬೇಡ. ಕೆಲಸ ಮುಗಿದ ಮೇಲೆ ನೀರುದೋಸೆ ಇರುತ್ತದೆ.